ಹಸಿ ಬಣ್ಣದ ಸ್ಟೂಲು

"ಯಾರೂ ಸ್ಟೂಲ್ ಮೇಲೆ ಕೂರಬ್ಯಾಡಿ, ಬಣ್ಣ ಇನ್ನೂ ಹಸೀನೇ ಅದೆ!" ಎಂದು ಸಾಹುಕಾರ ಶಿವಮಲ್ಲಪ್ಪನವರು ಬೆಳಗಿನಿಂದ ಕೂಗುತ್ತಲೇ ಇದ್ದರು. ನಜರ್‌ಬಾದಿನ ಅವರ ಊದುಬತ್ತಿ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಎತ್ತರದ ಮೇಜಿನ ಉದ್ದಕ್ಕೂ ಹಸಿರು ಬಣ್ಣದ ಸ್ಟೂಲುಗಳು ಸಾಲಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲಿ ಹೆಂಗಸರೂ ಸಾಲಾಗಿ ನಿಂತಿದ್ದರು. "ಇನ್‌ಸ್ಪೆಕ್ಟರ್ ಸಾಹೇಬ್ರು ಕೇಳುದ್ರೆ, ನಮಗೆ ನಿಂತೇ ಅಭ್ಯಾಸ, ಕೂತ್ರೆ ಕೈ ಓಡಾಕಿಲ್ಲ ಅನ್ನಿ. ತಿಳೀತಾ?"

ತಿಳಿಯದೆ ಏನು? ನಿಂತು ದುಡಿಯುವವರಿಗೆ ಕೂರಲು ಏರ್ಪಾಟು ಮಾಡಬೇಕೆಂದು ದಿಲ್ಲಿಯಲ್ಲಿ ಕಾನೂನಾದ ಮೇಲೆ ಸಾಹುಕಾರರು ಸ್ಟೂಲು ತರಿಸಿದ್ದೇನೋ ನಿಜ. ತಂದ ದಿನವೇ ಅವು ಗೋಡೌನು ಸೇರಿ ಒಂದರ ಮೇಲೊಂದು ಕೂತುಬಿಟ್ಟವು. ಆ ಕಾರ್ಖಾನೆಯಲ್ಲಿ ಕೂರುವ ಭಾಗ್ಯ ಇದ್ದದ್ದು ಅವಕ್ಕೇ! ಕೂತರೆ ಹೆಂಗಸರು ಹರಟೆಗೆ ಬೀಳುತ್ತಾರೆ ಎಂಬುದು ಸಾಹುಕಾರರ ನಂಬಿಕೆ. ತಪಾಸಣೆಯ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಿನ್ನೆ ಸಂಜೆ ಅವನ್ನು ಹೊರಗೆಳೆದು ಬಣ್ಣ ಬಳಿಸಿದ್ದರು. ಬೆಟ್ಟದ ಕಡೆಯಿಂದ ಬೀಸುವ ಮಾಗಿಯ ಚಳಿಗೆ ಅದು ಒಂದು ರಾತ್ರಿಯಲ್ಲಿ ಒಣಗುವುದುಂಟೆ?

ಮೇಜಿನ ತುದಿಯಲ್ಲಿ ಪುಟ್ಟತಾಯಮ್ಮ ಬಲಗಾಲಿನ ಭಾರವನ್ನು ಎಡಗಾಲಿಗೆ, ಎಡಗಾಲಿನದನ್ನು ಬಲಗಾಲಿಗೆ ಬದಲಾಯಿಸುತ್ತಾ ಪೊಟ್ಟಣ ಕಟ್ಟುತ್ತಿದ್ದಳು. ಮೀನಖಂಡದ ನರಗಳು ಹುರಿ ಹಗ್ಗದಂತೆ ಉಬ್ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಪಾದವೂ ಊದಿಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದ ಬೆಟ್ಟಮ್ಮನಿಗೂ ಹೀಗೇ ಆಗಿತ್ತು. ಇನ್ನು ನಿಲ್ಲಲಾರೆ ಎಂದು ಅವಳು ಬಾಯಿಬಿಟ್ಟು ಹೇಳಿದಾಗ, "ನಿಲ್ಲಾಕಾಗ್ದವರು ಮನೇಲಿರಿ" ಎಂದು ಸಾಹುಕಾರರು ಕಳಿಸಿಬಿಟ್ಟಿದ್ದರು. ಪುಟ್ಟತಾಯಮ್ಮನ ಗಂಡ ಹಾಸಿಗೆ ಹಿಡಿದಿದ್ದ. ಇವಳು ದುಡಿದರೆ ಒಲೆ ಉರಿಯಬೇಕು. ಮುಂದಿನ ಸರದಿ ತನ್ನದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್‌ಸ್ಪೆಕ್ಟರು ಬಂದರು. ಸೈಕಲ್ ತುಳಿದು ದಣಿದಿದ್ದ, ಕನ್ನಡಕದ ಸಣಕಲು ಮನುಷ್ಯ. ಮೇಜಿನ ಉದ್ದಕ್ಕೂ ಕಣ್ಣಾಡಿಸಿ, "ಸ್ಟೂಲು ಹಾಕಿಸಿದ್ದೀರಿ, ಸಂತೋಷ. ಮತ್ತೆ ಎಲ್ಲರೂ ನಿಂತೇ ಇದಾರಲ್ಲ?" ಎಂದರು.

"ಏನ್ ಮಾಡದು ಸ್ವಾಮಿ, ಕೂತ್ಕಳಿ ಕೂತ್ಕಳಿ ಅಂತ ನಾನೇ ಬಾಯಿ ಬಡ್ಕೋತೀನಿ. ಇವ್ರಿಗೆ ನಿಂತೇ ಅಭ್ಯಾಸ."

"ಹಾಗಾದ್ರೆ ಕೂರೋದು ಇವರಿಗೇ ಬೇಡ ಅಂತ ಬರ್ಕೊಳ್ಳಲೇ?" ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು, ಹತ್ತಿರವಿದ್ದ ಪುಟ್ಟತಾಯಮ್ಮನ ಕಡೆ ತಿರುಗಿದರು. "ಏನಮ್ಮ, ಬೇಡವಾ?"

ಬೇಡವೆಂದು ಒಂದು ಸಲ ಬರೆದುಬಿಟ್ಟರೆ ಸ್ಟೂಲುಗಳು ಮತ್ತೆ ಗೋಡೌನಿನಿಂದ ಹೊರಗೆ ಬರುವುದಿಲ್ಲ. ಸಾಹುಕಾರರ ಕಣ್ಣು ಅವಳನ್ನೇ ಇರಿಯುತ್ತಿತ್ತು. ಪುಟ್ಟತಾಯಮ್ಮ ತನ್ನ ಸೀರೆಯತ್ತ ನೋಡಿಕೊಂಡಳು. ತಪಾಸಣೆಗೆ ಒಳ್ಳೆಯದು ಉಟ್ಟು ಬನ್ನಿ ಎಂದಿದ್ದಕ್ಕೆ, ಗೌರಿ ಹಬ್ಬಕ್ಕೆ ತಮ್ಮ ತಂದುಕೊಟ್ಟ ಅರಿಶಿನ ಬಣ್ಣದ ಸೀರೆಯನ್ನೇ ಉಟ್ಟಿದ್ದಳು. ಅವಳಿಗೆ ಒಳ್ಳೆಯದು ಅಂತ ಇದ್ದದ್ದು ಅದೊಂದೇ. ಹೋದರೆ ಹೋಗಲಿ.

"ಬೇಕು ಬುದ್ಧಿ," ಎಂದವಳೇ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಕಾಲಿನ ಭಾರ ಇಳಿದ ಸುಖಕ್ಕೆ ಅವಳ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ಅಯ್ಯೋ, ಬಣ್ಣ!" ಸಾಹುಕಾರರ ಬಾಯಿಂದ ಜಾರಿಹೋಯಿತು.

"ಯಾವ ಬಣ್ಣ? ಸ್ವಲ್ಪ ಏಳಮ್ಮ, ನೋಡೋಣ."

ಪುಟ್ಟತಾಯಮ್ಮ ಎದ್ದಳು. ಸ್ಟೂಲೂ ಅವಳಿಗಂಟಿ ಒಂದಿಷ್ಟು ಎದ್ದು, ಧಡ್ ಎಂದು ಬಿತ್ತು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಇನ್‌ಸ್ಪೆಕ್ಟರು ನಗಲಿಲ್ಲ. ಹಲಗೆಯನ್ನು ಮುಟ್ಟಿ ಹಸಿರಾದ ಬೆರಳನ್ನು ನೋಡಿದರು. ಸ್ಟೂಲನ್ನು ಬೋರಲು ಮಾಡಿ ನೋಡಿದರು. ಅಡಿಯಲ್ಲಿ ಜೇಡರ ಬಲೆ ಹಾಗೇ ಇತ್ತು.

"ಕೂತ್ಕಳಿ ಅಂತ ಬಾಯಿ ಬಡ್ಕೋತೀರಾ, ಶಿವಮಲ್ಲಪ್ಪನವರೇ?" ಅವರ ದನಿ ಏರಲಿಲ್ಲ. "ನಾನು ಮತ್ತೆ ಬರ್ತೀನಿ. ಯಾವತ್ತು ಅಂತ ಹೇಳೋದಿಲ್ಲ. ಬಂದಾಗ ಈ ಬಣ್ಣ ಕೂತು ಕೂತು ಸವೆದಿರಬೇಕು. ಇಲ್ಲದಿದ್ರೆ ಕೋರ್ಟಿನಲ್ಲಿ ಮಾತಾಡೋಣ."

ಸೈಕಲ್ಲಿನ ಸದ್ದು ಬೀದಿಯ ತಿರುವು ದಾಟುವವರೆಗೆ ಸಾಹುಕಾರರು ತುಟಿ ಕಚ್ಚಿಕೊಂಡಿದ್ದರು. ಆಮೇಲೆ ಸಿಡಿದರು. "ಏನಮ್ಮಿ, ಒಳ್ಳೆ ಸೀರೇನೂ ಹಾಳ್ ಮಾಡ್ಕಂಡೆ, ನನ್ ಮಾನಾನೂ ಕಳೆದೆ. ಈಗ ಸಮಾಧಾನ ಆಯ್ತಾ? ಏನ್ ನೋಡ್ತಿದ್ದೀರಿ ಎಲ್ಲ? ಎತ್ತಾಕಿ ಇವನ್ನ, ಗೋಡೌನಿಗೆ!"

ಯಾರೂ ಕದಲಲಿಲ್ಲ. ಎಲ್ಲರ ಕಣ್ಣೂ ಪುಟ್ಟತಾಯಮ್ಮನ ಮೇಲಿತ್ತು. ಅವಳು ಬೋರಲು ಬಿದ್ದಿದ್ದ ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ, ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಹಸಿರು ಮೆತ್ತಿದ ಅದೇ ಸೀರೆಯಲ್ಲಿ ಮತ್ತೆ ಕೂತಳು. ಊದುಬತ್ತಿಯ ಕಟ್ಟಿಗೆ ಕೈ ಚಾಚಿದಳು.

"ಏಳಮ್ಮಿ ಮ್ಯಾಕೆ! ಏನ್ ಮಾಡ್ತಿದ್ದೀಯಾ ನೀನು?"

"ಬಣ್ಣ ಸವೀಬೇಕು ಅಂತ ಸಾಹೇಬ್ರು ಹೇಳಿ ಹೋದ್ರಲ್ಲ ಬುದ್ಧಿ," ಪುಟ್ಟತಾಯಮ್ಮ ಪೊಟ್ಟಣದಿಂದ ತಲೆ ಎತ್ತಲಿಲ್ಲ. "ಸವುಸ್ತಾವ್ನಿ."