ಎಡಗಡೆಯ ಬಾಗಿಲು

ಮೆಕ್ಯಾನಿಕ್ ಲಕ್ಷ್ಮೀಶ ತನ್ನ ಗ್ಯಾರೇಜಿನಿಂದ ಜಾಕ್, ಪಾನಾ ಹೊತ್ತು ಅಂಗಳಕ್ಕೆ ಬರುವ ಹೊತ್ತಿಗೆ ಸರ್ವಮಂಗಳಾ ಒಂದು ಚಕ್ರವನ್ನು ಉಜ್ಜಿ ಮುಗಿಸಿದ್ದಳು. ಅಟ್ಟದಿಂದ ಇಳಿಸಿದ, ಕಾರಿನ ನಾಲ್ಕು ಅಲಾಯ್ ಚಕ್ರಗಳು ಟೈರ್ ಸಮೇತ ಗೋಣಿಚೀಲದ ಮೇಲೆ ಮಲಗಿದ್ದವು. ಪಕ್ಕದಲ್ಲಿ ನೆನೆಸಿದ ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು.

"ಅಕ್ಕಾ, ಇದೆಂತ ಮಾಡಿದ್ರಿ?"

"ಯಾಕೆ? ದೇವರ ದೀಪ ಬೆಳಗೋದು ಹೀಗೇ ಅಲ್ವ?"

ಅವನು ಕುಕ್ಕರುಗಾಲಲ್ಲಿ ಕೂತು ನೀರು ಸುರಿದು ಒರೆಸಿದ. ಹೊಳಪು ಹೋಗಿತ್ತು. ಬೆಳ್ಳಿಯ ಬಣ್ಣ ಬೂದಾಗಿ, ಮೈತುಂಬ ಸುತ್ತು ಸುತ್ತಾಗಿ ನಾರಿನ ಗೀರು. "ಇದು ಹಿತ್ತಾಳೆ ಅಲ್ಲಕ್ಕ. ಮೇಲೊಂದು ತೆಳ್ಳಗಿನ ಲೇಪ ಇರ್ತದೆ. ಶಾಂಪೂ ನೀರು, ಮೆತ್ತಗಿನ ಬಟ್ಟೆ, ಅಷ್ಟೇ. ಹುಳಿ ತಾಗಿದ್ರೆ ಮುಗೀತು."

ಸರ್ವಮಂಗಳಾ ನಾರನ್ನು ಕೈಯಿಂದ ಬಿಡಲಿಲ್ಲ. ಗಂಡ ಸೋಮನಾಥ್ ಬಾಳೆಹೊನ್ನೂರಿನ ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವರು. ಯಾರೇ ಬಂದು ಕೂತರೂ ಮೊದಲ ಪಾಠ ಒಂದೇ: ಸೀಟು, ಕನ್ನಡಿ, ನ್ಯೂಟ್ರಲ್. ಅವಳಿಗೂ ಹಾಗೇ ಕಲಿಸಿದ್ದರು. ಆದರೆ ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತೆ ಅಂಗಳದಲ್ಲಿ ನಿಂತಿದ್ದ ಈ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಸ್ಟಿಯರಿಂಗನ್ನು ಮಾತ್ರ ಯಾರ ಕೈಗೂ ಕೊಟ್ಟವರಲ್ಲ. ರಸ್ತೆ ಹಾಳಾದಾಗ ಅಲಾಯ್ ಚಕ್ರ ಬಿಚ್ಚಿ ಅಟ್ಟಕ್ಕೆ ಹಾಕಿ, ಕಬ್ಬಿಣದ ಚಕ್ರ ಹಾಕಿಸಿದ್ದರು. ಕಾರ್ತಿಕದಲ್ಲಿ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೆ ಹೋದವು. ಆಮೇಲೆ ಅವರು ಏನನ್ನೂ ಬೇಕೆಂದು ಕೇಳಲಿಲ್ಲ. ಉಣಿಸಿದರೆ ಉಂಡರು, ಇಲ್ಲದಿದ್ದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮೊನ್ನೆ ಒಮ್ಮೆಗೇ ಎಡಗೈಯನ್ನು ಅಟ್ಟದ ಕಡೆ ಎತ್ತಿ, "ಚಕ್ರ" ಎಂದಿದ್ದರು.

ಇದನ್ನು ಕಂಡರೆ ಅವರು ಮತ್ತೆ ಗೋಡೆಯ ಕಡೆಗೆ ತಿರುಗಿಬಿಟ್ಟರೆ?

"ಬೇರೆ ಸಿಗಲ್ವ ಲಕ್ಷ್ಮೀಶ?"

"ಈ ಕಾರಿನದ್ದು ಈಗ ಎಲ್ಲಿ ಸಿಗ್ತದೆ ಮಾರಾಯ್ರೆ." ಅವನು ಕಾರಿನ ಸುತ್ತ ಒಂದು ಸಲ ನಡೆದು ಬಂದ. "ಒಂದು ಕೆಲಸ ಮಾಡುವ. ಇದನ್ನು ಎಡಗಡೆ ಹಿಂದಕ್ಕೆ ಹಾಕ್ತೇನೆ. ಜಗಲಿಗೆ ಕಾಣೋದು ಬಲಗಡೆ. ಮೇಷ್ಟ್ರು ಈ ಕಾರಿನ ಎಡಗಡೆ ಬಾಗಿಲು ತೆಗೆದದ್ದು ಯಾವತ್ತು ಹೇಳಿ?"

ಅವಳಿಗೆ ಉಸಿರು ಬಂತು. ಉಳಿದ ಮೂರನ್ನು ಇಬ್ಬರೂ ಸೇರಿ ಶಾಂಪೂ ನೀರಿನಲ್ಲಿ ತೊಳೆದರು. ಸಂದಿಯ ಕಪ್ಪು ಧೂಳನ್ನು ಅವಳು ತನ್ನ ಹಳೆಯ ವಾಯಿಲ್ ಸೀರೆಯ ತುಂಡಿನಿಂದ, ಮಗುವಿನ ಕಿವಿ ಒರೆಸುವ ಹಾಗೆ ತೆಗೆದಳು. ಎಡಗಡೆಯ ಎರಡನ್ನೂ ಕೂರಿಸಿದ ಮೇಲೆಯೇ ಹೋಗಿ ಗಂಡನ ಗಾಲಿಕುರ್ಚಿಯನ್ನು ಜಗಲಿಗೆ ತಳ್ಳಿಕೊಂಡು ಬಂದಳು.

ಸೋಮನಾಥ್ ಜಗಲಿಯಿಂದ ನೋಡುತ್ತಿದ್ದರು. ಲಕ್ಷ್ಮೀಶ ಒಂದು ನಟ್ ಬಿಗಿದ, ಆಮೇಲೆ ಎದುರಿನದ್ದು. "ನೋಡಿ ಮೇಷ್ಟ್ರೆ, ಅಡ್ಡಡ್ಡ. ಸಾಲಾಗಿ ಬಿಗಿದು ನಿಮ್ಮತ್ರ ಬೈಸಿಕೊಂಡವ ನಾನೇ. ನಿಮ್ಮ ಸ್ಕೂಲಿನ ಕಾರನ್ನು ಚರಂಡಿಗೆ ಇಳಿಸಿದವನೂ ನಾನೇ." ಸೋಮನಾಥರ ಬಾಯಿಯ ಎಡತುದಿ ಸ್ವಲ್ಪ ಮೇಲಕ್ಕೆ ಹೋಯಿತು. ಕುರ್ಚಿಯ ಕೈಯ ಮೇಲೆ ಬೆರಳು ನಟ್ ನಟ್ಟಿಗೂ ಆಡುತ್ತಿತ್ತು.

ಜಾಕ್ ಇಳಿಯಿತು. ಬೆಳಗಿನ ಬಿಸಿಲಿಗೆ ಬಲಗಡೆಯ ಎರಡೂ ಚಕ್ರ ಹೊಳೆದವು. "ಇನ್ನು ಒಂದಿಷ್ಟು ದೂರ ಓಡಿಸಿ ನಟ್ ಮತ್ತೊಮ್ಮೆ ಬಿಗಿದ್ರೆ ಆಯ್ತು. ನಾನೇ ಜಯಪುರದವರೆಗೆ ಹೋಗಿ ಬರ್ತೇನೆ," ಎಂದು ಲಕ್ಷ್ಮೀಶ ಕೈ ಒರೆಸಿಕೊಂಡ.

ಸೋಮನಾಥ್ ತಲೆ ಅಲ್ಲಾಡಿಸಿದರು. ಕಾರಿನತ್ತ ಕೈ ಮಾಡಿದರು. ಕೂರಬೇಕು ಎಂದು ಅರ್ಥವಾಗಿ ಸರ್ವಮಂಗಳಾ ಅಭ್ಯಾಸಬಲದಿಂದ ಕುರ್ಚಿಯನ್ನು ಬಲಗಡೆಯ ಬಾಗಿಲಿಗೆ ತಳ್ಳಿದಳು. ಅವರು ಎಡಗೈಯಿಂದ ಕುರ್ಚಿಯ ಗಾಲಿ ಹಿಡಿದು ನಿಲ್ಲಿಸಿದರು.

"ಆ... ಕಡೆ."

ಲಕ್ಷ್ಮೀಶ ಅವಳ ಮುಖ ನೋಡಿದ. ಎಲ್ಲವನ್ನೂ ಯೋಚಿಸಿದ್ದ ಅವರಿಬ್ಬರಿಗೂ ಇದೊಂದು ಹೊಳೆದಿರಲಿಲ್ಲ. ಮೇಷ್ಟ್ರು ಇನ್ನು ಹತ್ತುವುದು ಎಡಗಡೆಯಿಂದ.

ಕಾರಿನ ಹಿಂದಿನಿಂದ ಸುತ್ತು ಹಾಕಿದರು. ಬೂದು ಬಣ್ಣದ ಚಕ್ರದ ಎದುರು ಸೋಮನಾಥ್ ಮತ್ತೆ ಕುರ್ಚಿ ನಿಲ್ಲಿಸಿದರು. ಬಗ್ಗಿ ಗೀರುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕುರ್ಚಿಯ ಹಿಡಿಯ ಮೇಲಿದ್ದ ಹೆಂಡತಿಯ ಕೈಯನ್ನು ಎಳೆದು ಮೂಗಿನ ಹತ್ತಿರ ಹಿಡಿದರು.

"ಹುಣಸೆ," ಎಂದರು.

"ಹೂಂ. ನನಗೆ ಗೊತ್ತಾಗಲಿಲ್ಲ ಕಣ್ರಿ. ದೇವರ ಸಾಮಾನು ಅಂದ್ಕೊಂಡೆ."

ಅವರು ಆ ಕೈಯನ್ನು ಬಿಡಲಿಲ್ಲ. ಕಷ್ಟಪಟ್ಟು ಅದನ್ನು ತಮ್ಮ ಅಂಗಿಯ ಜೇಬಿಗೆ ಒಯ್ದರು. ಜೇಬಿನಲ್ಲಿ ಕಾರಿನ ಕೀ ಇತ್ತು.

ಲಕ್ಷ್ಮೀಶ ಅವರನ್ನು ಎತ್ತಿ ಎಡಗಡೆಯ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿ, ಖಾಲಿ ಕುರ್ಚಿಯನ್ನು ಕಾರಿನ ಹಿಂದಕ್ಕೆ ಸರಿಸಿದ. ಸರ್ವಮಂಗಳಾ ಸುತ್ತಿ ಬಂದು ಬಲಗಡೆ ಕೂತಳು. ಕಾಲು ಪೆಡಲಿಗೆ ಎಟಕಲಿಲ್ಲ. ಇಷ್ಟು ವರ್ಷ ಆ ಸೀಟು ಒಬ್ಬರ ಅಳತೆಗೆ ನಿಂತಿತ್ತು. ಅವಳು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಳು.

"ಸೀಟು," ಎಂದರು ಸೋಮನಾಥ್, ಎದುರಿನ ರಸ್ತೆಯನ್ನೇ ನೋಡುತ್ತ.

ಲಕ್ಷ್ಮೀಶ ಬಲಗಡೆಯ ಬಾಗಿಲಿನಿಂದ ಒಳಗೆ ಬಗ್ಗಿ ಸೀಟನ್ನು ಹಿಂದಿನಿಂದ ನೂಕಿದ. ತುಕ್ಕು ಬಿಡಿಸಿಕೊಂಡು ಸೀಟು ಕಿರ್ರೆಂದು ಮುಂದೆ ಬಂತು.

"ಕನ್ನಡಿ."

ಅವಳು ಕನ್ನಡಿಯನ್ನು ತನ್ನ ಎತ್ತರಕ್ಕೆ ಬಗ್ಗಿಸಿದಳು. ಅದರಲ್ಲಿ ಗಾಲಿಕುರ್ಚಿ ಅಂಗಳದ ನಡುವೆ ಖಾಲಿ ನಿಂತಿತ್ತು.