ಕೊಂಬಿನ ಹಲ್ಲಿ ಹೇಳಿದ್ದು

ಫೋನು ಹೊಡೆದುಕೊಂಡಿತು. ಪದ್ಮಜಾ ಅದನ್ನು ಉದ್ದನೆಯ ವೈರಿನ ಸಮೇತ ಎಳೆದುಕೊಂಡು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಊರಲ್ಲಿಲ್ಲದಾಗ ಸೊಸೆ ಹೀಗೆ ಕದ್ದು ಮಾತಾಡಿದರೆ ಯಾವ ಅತ್ತೆಯಾದರೂ ಒಂದು ಮಾತು ಕೇಳುತ್ತಾಳೆ. ಸೋಫಾದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಸತ್ಯವತಿ ತಲೆಯನ್ನೇ ಎತ್ತಲಿಲ್ಲ.

"ಸಂಡೇ ಅಸ್ಥಿ ಬರ್ತದೆ," ಎಂದ ಆ ಕಡೆಯಿಂದ ಜಯರಾಜ್, ಗಂಡನ ಮಂಗಳೂರು ಕಡೆಯ ಗೆಳೆಯ. "ಇನ್ನಾದ್ರೂ ಅಮ್ಮನಿಗೆ ಹೇಳಿ."

"ಸರಿ," ಎಂದಳು ಪದ್ಮಜಾ. ಗ್ರೋಸರಿಗೆ ಹೋಗೋಣವಾ ಎಂದರೂ ಹೀಗೇ ಸರಿ ಎನ್ನುತ್ತಿದ್ದಳು.

ಅವಳ ಗಂಡ ದ್ವಾರಕಾನಾಥ ಅಮೆರಿಕದ ಈ ಪಾಲೋ ಆಲ್ಟೋದ ಯೂನಿವರ್ಸಿಟಿಯಲ್ಲಿ ಹಲ್ಲಿ, ಓತಿಕೇತಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಲಂಕೆಯ ಬೆಟ್ಟಗಳಲ್ಲಿ ಮಾತ್ರ ಸಿಗುವ, ಮೂಗಿನ ತುದಿಯಲ್ಲಿ ಕೊಂಬಿರುವ ಅಪರೂಪದ ಹಲ್ಲಿಯೊಂದನ್ನು ಪರ್ಮಿಷನ್ನು ಪಡೆದು ತಂದು ಮನೆಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ. ಎಂಬತ್ತೈದರ ಬೇಸಿಗೆಯಲ್ಲಿ ಅದಕ್ಕೊಂದು ಜೋಡಿ ತರಲು ಹೋದವನ ಜೀಪು ಕಣಿವೆಗೆ ಉರುಳಿತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅನ್ನುತ್ತಾರೆ. ಈ ಹಲ್ಲಿ ಎಲ್ಲೂ ಬೀಳದೆ ನೆಮ್ಮದಿಯಾಗಿ ಕೂತಿತ್ತು.

ಸುದ್ದಿ ಬಂದು ವಾರಗಳಾದವು. ಅತ್ತೆಯ ಹೃದಯ ಗಟ್ಟಿಯಿಲ್ಲ ಎಂದು ಮೈಸೂರಿನ ಡಾಕ್ಟರು ಎಚ್ಚರಿಸಿದ್ದರು. ಪದ್ಮಜಾ ಹೇಳಲಿಲ್ಲ. ಅಳಲೂ ಇಲ್ಲ. ಅನ್ನಕ್ಕಿಡುತ್ತಾಳೆ, ಹಲ್ಲಿಗೆ ಹುಳು ಹಾಕುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಒಳಗೆ ಏನೂ ಅನ್ನಿಸುವುದಿಲ್ಲ. ಅದೇ ಅವಳಿಗೆ ಭಯ.

ಮಗನ ಫೋನು ನಿಂತಾಗಿನಿಂದ ಸತ್ಯವತಿ ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ಹಲ್ಲಿಯ ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ.

"ನನ್ನ ಮಗ ಹುಷಾರಾಗಿದಾನೆ, ಅಲ್ವೇನೋ?"

ಅಡಿಗೆಮನೆಯಲ್ಲಿ ಪದ್ಮಜಾ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಲೊಚ್ ಲೊಚ್ ಎನ್ನುತ್ತಾಳೆ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ. ಅತ್ತೆ "ಕೃಷ್ಣ ಕೃಷ್ಣ" ಎಂದು ಮೇಜು ಕುಟ್ಟಿ ಊಟಕ್ಕೆ ಕೂರುತ್ತಾರೆ. ಅವರು ಕೂತರೆ ಇವಳೂ ನಾಲ್ಕು ತುತ್ತು ತಿನ್ನುತ್ತಾಳೆ.

ಇವತ್ತು ಹೇಳಿಬಿಡಬೇಕು ಎಂದುಕೊಂಡು ಪದ್ಮಜಾ ಹಾಲಿಗೆ ಬಂದಳು. ಅತ್ತೆ ಆಗಲೇ ಪೆಟ್ಟಿಗೆಯ ಮುಂದೆ ನಿಂತಿದ್ದರು.

"ನನ್ನ ಸೊಸೆ ಒಂದ್ಸಲ ಅತ್ತುಬಿಟ್ರೆ ಒಳ್ಳೇದು, ಅಲ್ವೇನೋ?"

ಪದ್ಮಜಾ ಬಾಯಿ ತೆರೆಯಲಿಲ್ಲ. ಆದರೂ ಲೊಚ್ ಲೊಚ್ ಎಂದು ಕೇಳಿಸಿತು. ಲೊಚಗುಟ್ಟಿದ್ದು ಅತ್ತೆ.

"ಅತ್ತೆ, ನೀವು..."

"ನಾನು ಊಟಕ್ಕೆ ಕೂತ್ರೆ ತಾನೆ ನೀನು ತಿನ್ನೋದು. ಅದಕ್ಕೇ ದಿನಾ ಕೇಳ್ತಿದ್ದೆ," ಎಂದು ಸತ್ಯವತಿ ಸೊಸೆಯ ಕೈ ಹಿಡಿದುಕೊಂಡರು. "ಈ ಜಾತಿ ಹಲ್ಲಿ ಲೊಚಗುಟ್ಟಲ್ಲ ಅಂತ ದ್ವಾರಕಿ ನಾನು ಬಂದ ದಿನವೇ ಹೇಳಿದ್ದ ಕಣೇ. ನೀನು ಮೊದಲನೇ ಸಲ ಲೊಚಗುಟ್ಟಿದಾಗಲೇ ನಂಗೆ ಗೊತ್ತಾಯ್ತು, ಅವನು ಇಲ್ಲ ಅಂತ."