ಹೊಗೆಕೊಳವೆಗೆ ಕಟ್ಟಿದ ತಂತಿ

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾಗಿತ್ತು. ಇಟ್ಟಿಗೆ ಗೂಡಿಗೆ ಆ ವರ್ಷದ ಮೊದಲ ಬೆಂಕಿ ಬಿದ್ದಿತ್ತು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಬೆಂಕಿ ನೋಡಿಕೊಳ್ಳಬೇಕಾದ ಯಜಮಾನರು ಮಗನ ಬೈಕಿನ ಪಕ್ಕ ಅಂಗಾತ ಮಲಗಿ, ತಲೆಯನ್ನು ಎಂಜಿನ್ನಿನ ಕೆಳಗೆ ತೂರಿಸಿದ್ದರು. ಕೈಯಲ್ಲಿ ಇಕ್ಕಳ, ಹಲ್ಲಿನ ನಡುವೆ ತಂತಿಯ ತುಂಡು.

ಕೊಡ ಹಿಡಿದು ಬಂದ ಹೆಂಡತಿ ಕಾಲುಗಳನ್ನು ಗುರುತಿಸಿ ನಿಂತಳು.

"ಇದೇನ್ರೀ, ಪಂದ್ಯದ ದಿನ?"

"ನೀನು ಏನೂ ನೋಡಿಲ್ಲ," ಎಂದವು ಕಾಲುಗಳು.

"ಗೂಡಿಗೆ ಸೌದೆ ಸಾಲಲ್ಲ ಅಂತ ನಿನ್ನೆಯಿಂದ ಬಡ್ಕೊಳ್ತಿದೀನಿ. ಅದನ್ನ ನೋಡೋದು ಬಿಟ್ಟು..."

"ಬರುತ್ತೆ ಬಿಡು."

ಪಂದ್ಯ ಇಟ್ಟವರು ಯಜಮಾನರೇ. ಬೈಕ್ ಬಂದಾಗಿನಿಂದ ಮಗ ಮಣ್ಣು ತುಳಿಯುವ ಹೊತ್ತಿಗೆ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ಅದರ ಆರ್ಭಟ. ಸೌದೆ ವ್ಯಾಪಾರದ ಅಳಿಯನಿಗೂ ಅಂಥದ್ದೇ ಒಂದು ಬೈಕಿತ್ತು. ಗೂಡಿನಿಂದ ಗುಡ್ಡದ ಮೇಲಿನ ಮಣ್ಣಿನ ಗುಂಡಿಯವರೆಗೆ ಭಾವನನ್ನು ಸೋಲಿಸಿದರೆ ಬೈಕ್ ಮಗನಿಗೆ, ಸೋತರೆ ಮಾರಾಟಕ್ಕೆ. ಮಗ ಮರುಮಾತಿಲ್ಲದೆ ಒಪ್ಪಿದ್ದ. ಹಟದಲ್ಲಿ ಅಪ್ಪನ ಮಗನೇ.

ಆರ್ಭಟಕ್ಕೆ ಕಾರಣ ಮಗನೇ ಮಾಡಿಕೊಂಡ ರಿಪೇರಿ. ಬೈಕಿನ ಹೊಗೆಕೊಳವೆಯೊಳಗೆ ನಾಣ್ಯದಂಥ ಒಂದು ತಟ್ಟೆ. ಅದನ್ನು ತಿರುಗಿಸಲು ಎರಡು ಕೇಬಲ್, ಸೀಟಿನಡಿ ಒಂದು ಪುಟ್ಟ ಮೋಟರ್. ದಾರಿಗೆ ಅಡ್ಡ ನಿಲ್ಲುವ ತಟ್ಟೆ ಯಾಕೆ ಬೇಕು ಎಂದು ಅವನು ಕೇಬಲ್ ಕಳಚಿ, ಅದನ್ನು ಪೂರ್ತಿ ತೆರೆದಿಟ್ಟಿದ್ದ. ಹಿಂದಿನ ವಾರ ಅಂಗಳಕ್ಕೆ ಬಂದಿದ್ದ ಮೆಕ್ಯಾನಿಕ್ ತಿಳಿಹೇಳಿದ್ದ: ಎಂಜಿನ್ ನಿಧಾನವಾಗಿ ತಿರುಗುವಾಗ ಹೊಗೆಯ ಬೆನ್ನು ಹತ್ತಿ ಸುಡದ ಪೆಟ್ರೋಲೂ ಹೊರಗೆ ಜಾರುತ್ತದೆ, ತಟ್ಟೆ ಅರ್ಧ ಮುಚ್ಚಿದ್ದರೆ ಹೊರಟ ಒತ್ತಡ ಅದಕ್ಕೆ ಬಡಿದು ಹಿಂದಿರುಗಿ, ಜಾರುವುದನ್ನು ಒಳಕ್ಕೇ ತಳ್ಳುತ್ತದೆ, ವೇಗ ಏರಿದಾಗ ಮಾತ್ರ ಅದು ಪೂರ್ತಿ ತೆರೆಯಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ. ಮಗ ಆಕಳಿಸಿದ್ದ. ಯಜಮಾನರು ಅತ್ತ ಬೆನ್ನು ಮಾಡಿ, ಆಗತಾನೆ ಹಚ್ಚಿದ ಸುಣ್ಣ ಸುಡುವ ಒಲೆಯ ಕಾವು ಹೊರಗೆ ಓಡದಂತೆ ಚಿಮಣಿಯ ಮುಚ್ಚಳವನ್ನು ಕೋಲಿನಿಂದ ಅರ್ಧಕ್ಕೆ ತಳ್ಳುತ್ತಿದ್ದರು.

ಬಿಸಿಲೇರುವ ಹೊತ್ತಿಗೆ ಜನ ಸೇರಿದರು. ಮಗ ಬೈಕ್ ಚಾಲೂ ಮಾಡಿದ. ಆರ್ಭಟವಿಲ್ಲ. ಬಾಯಿಕುಕ್ಕೆ ಹಾಕಿದ ಎತ್ತಿನಂತೆ ಒಳಗೊಳಗೇ ಗುರುಗುಟ್ಟಿತು. ಬಗ್ಗಿ ನೋಡಿದ. ತಟ್ಟೆಯನ್ನು ತಿರುಗಿಸುವ ಗಾಲಿಗೆ ಬಿಗಿಯಾಗಿ ಹೊಸೆದ ತಂತಿ. ಬಿಚ್ಚಲು ಇಕ್ಕಳ ಬೇಕು. ಇಕ್ಕಳ ಅಪ್ಪನ ಜೇಬಿನಿಂದ ಇಣುಕುತ್ತಿತ್ತು. ಅಪ್ಪ ಗೂಡಿನ ಹೊಗೆ ಯಾವ ಬಣ್ಣಕ್ಕಿದೆ ಎಂದು ನೋಡುತ್ತಿದ್ದರು.

"ಅಪ್ಪಾ, ಇದು ನಿಮ್ಮ ಕೆಲಸಾನಾ?"

"ಹೊರಡು ಹೊರಡು. ನಿಧಾನಕ್ಕೆ ಹೋಗು."

ಅವನ ಮುಖ ಗೂಡಿನ ಬಾಯಿಯಂತೆ ಕೆಂಪಾಯಿತು.

ಶುರುವಿನ ನೇರ ದಾರಿಯಲ್ಲಿ ಭಾವ ಮುಂದೆ ಹಾರಿದ. ಮಗ ಆಕ್ಸಿಲರೇಟರ್ ಎಷ್ಟು ತಿರುವಿದರೂ ಬೈಕ್ ವೇಗ ಏರದೆ ತಿಣುಕಿತು. ಆಮೇಲೆ ಗುಡ್ಡ ಸಿಕ್ಕಿತು. ಎಲ್ಲಾ ಮೊಣಕೈ ತಿರುವು, ಎಲ್ಲಾ ಜೇಡಿ ಮಣ್ಣು, ವೇಗವೆನ್ನುವುದೇ ಸಿಗದ ದಾರಿ. ದಿನಾ ಏದುಸಿರು ಬಿಡುತ್ತಿದ್ದ ತಿರುವಿನಲ್ಲಿ ಬೈಕ್ ಈ ಸಲ ನೊಗಕ್ಕೆ ಹೆಗಲು ಕೊಟ್ಟಂತೆ ಎಳೆಯಿತು. ಮುಂದಿನದರಲ್ಲೂ ಎಳೆಯಿತು. ಮಣ್ಣಿನ ಗುಂಡಿಯ ಹತ್ತಿರ ಭಾವನ ಮುಂದಿನ ಚಕ್ರ ಮಗನ ಹಿಂದಿನ ಚಕ್ರದ ಪಕ್ಕದಲ್ಲಿತ್ತು. ಗೆದ್ದವನು ಮಗ.

ಪಂದ್ಯ ನೋಡಲು ಬಂದಿದ್ದ ಮೆಕ್ಯಾನಿಕ್ ತಂತಿ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ತಟ್ಟೆ ಸರಿಯಾಗಿ ಅರ್ಧಕ್ಕೆ ನಿಂತಿತ್ತು. ಮಗನ ಕಾಲೆಳೆಯಲು ಹೋದ ಯಜಮಾನರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು ಎಂದು ಸಾರಿದ. ಅಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ಅವರಿಗೆ 'ತಂತಿ ಯಜಮಾನ' ಎಂಬ ಹೆಸರು ಅಂಟಿತು. ಊಟ ಬಡಿಸಿದ ಹೆಂಡತಿ ಸಾರಿನ ಸೌಟನ್ನು ಜೋರಾಗಿಯೇ ಕುಕ್ಕಿದಳು. ಮಗ ಕೇಬಲ್ಲುಗಳನ್ನು ಸರಿಯಾಗಿ ಹಾಕಿಸಿಕೊಂಡು ಬಂದು, ಅಪ್ಪನ ಎದುರಿಗೆ ಬೇಕೆಂದೇ ಎರಡು ಸುತ್ತು ಹೊಡೆದ.

"ಹೋಗಲಿ, ಸದ್ದಾದ್ರೂ ಅಡಗಿತು," ಎಂದಷ್ಟೇ ಹೇಳಿ ಯಜಮಾನರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಸಂಜೆ ಅಂಗಳದಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತು. ತುಂಬ ಸೌದೆ. ಹೆಂಡತಿ ಹೊರಗೆ ಬಂದಳು, ಮಗನೂ ಬಂದ. ಯಜಮಾನರು ಅಳಿಯನಿಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡುತ್ತಲೇ ಇದ್ದರು. ಸೋತ ಉರಿಯಲ್ಲಿದ್ದ ಅಳಿಯ ಅದನ್ನು ನೋಡಲಿಲ್ಲ.

"ಮಗನೇ ಗೆಲ್ತಾನೆ ಅಂತ ಬಾಜಿ ಕಟ್ಟಿದ್ರಲ್ಲ ಮಾವ, ತಗೊಳ್ಳಿ. ಎಲ್ಲಿ ಇಳಿಸಲಿ?"